ಕೇಸು ಮುಗಿದ ಮೇಲೆ ಮದುವೆ

ಕಾರ್ಕಳ
೧೨ ಜೂನ್ ೨೦೨೩

ಶಂಕರಪುರದ ಕುಶಲಕ್ಕನವರಿಗೆ,

ನಾನು ಶೀನ, ಶ್ರವಣನ ಅಪ್ಪ. ಕಳೆದ ವರ್ಷ ಜುಲೈ ಒಂಬತ್ತಕ್ಕೆ ಅಲೆವೂರಿನ ತಿರುವಿನಲ್ಲಿ ಟಿಪ್ಪರಿನಡಿಗೆ ಹೋದ ಬೈಕಿನಲ್ಲಿ ಮುಂದೆ ಇದ್ದವನು ನನ್ನ ಮಗ, ಹಿಂದೆ ಇದ್ದವಳು ನಿಮ್ಮ ಮಗಳು ವಿಜೇತಾ. ನಾವಿಬ್ಬರು ಒಂದೇ ಒಂದು ಸಲ ಹತ್ತಿರ ಕೂತದ್ದು, ಶವಾಗಾರದ ಹೊರಗಿನ ಬೆಂಚಿನಲ್ಲಿ. ನೀವು ಆ ತುದಿ, ನಾನು ಈ ತುದಿ. ಅವತ್ತು ಮಾತಾಡಲಿಲ್ಲ. ಈಗ ಬರೆಯುತ್ತಿದ್ದೇನೆ.

ಫೋನು ಮಾಡಬಹುದಿತ್ತು. ಆದರೆ ನಮ್ಮ ವಕೀಲ ಲಿಡ್ವಿನ್ ಅವರು, "ಆ ಪಾರ್ಟಿಯ ಹತ್ತಿರ ಫೋನಿನಲ್ಲಿ ಮಾತಾಡ್ಬೇಡಿ ಮಾರಾಯ್ರೆ. ಈಗ ಎರಡು ಮನೆಯವರ ಕ್ಲೇಮೂ ಟಿಪ್ಪರಿನ ಮೇಲೆ ಉಂಟು, ಸರಿ. ನಾಳೆ ಯಾರು ಯಾರ ಮೇಲೆ ತಿರುಗ್ತಾರೆ ಹೇಳ್ಲಿಕ್ಕಾಗುದಿಲ್ಲ. ಎಲ್ಲ ರೆಕಾರ್ಡ್ ಆಗ್ತದೆ" ಎಂದಿದ್ದಾರೆ. ಕಾಗದದ ಬಗ್ಗೆ ಅವರು ಏನೂ ಹೇಳಲಿಲ್ಲ. ಈ ಕಾಲದಲ್ಲಿ ಕಾಗದ ಬರೆಯುವ ಮೂರ್ಖರು ಇರಬಹುದೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ನನ್ನದು ಬಸ್‌ಸ್ಟ್ಯಾಂಡಿನ ಹಿಂದೆ ಮದುವೆ ಕಾಗದ ಮುದ್ರಿಸುವ ಅಂಗಡಿ. ಕನ್ನಡ ಮಾಧ್ಯಮದ ಬಿ.ಎ. ಕಾಗದದ ಕೆಳಗೆ ಎರಡು ಸಾಲು ಪ್ರಾಸ ಹೊಂದಿಸಿ ಕೊಡುವುದು ಉಚಿತ. "ಉಡುಗೊರೆ ಬೇಡ, ಹರಕೆ ಸಾಕು, ಊಟಕ್ಕೆ ಮೊದಲು ಅಕ್ಷತೆ ಹಾಕು." ಎರಡನೇ ಸಾಲನ್ನು ಗಿರಾಕಿಗಳು ತೆಗೆಸುತ್ತಾರೆ. ತುಳುವಿನಲ್ಲಿ ಮಾತಾಡುವ ನಾವು ಕನ್ನಡದಲ್ಲಿ ಬರೆಯಲು ಕೂತರೆ ಸ್ವಲ್ಪ ಸರ್ಕಾರಿ ಆಗಿಬಿಡುತ್ತೇವೆ. ಅದಕ್ಕೆ ಇಷ್ಟು ಪೀಠಿಕೆ.

ವಿಷಯಕ್ಕೆ ಬರುತ್ತೇನೆ. ನನ್ನ ತಂಗಿಯ ಮಗಳಿಗೆ ಈ ವರ್ಷ ಎರಡು ಸಲ ಸಂಬಂಧ ಗಟ್ಟಿಯಾಯಿತು, ಎರಡು ಸಲವೂ ಮುರಿಯಿತು. ಮನೆಯ ಹಿರಿಯರು ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದರು. ಮದುವೆಯಾಗದೆ ಹೋದ ಹುಡುಗ ಹೊಸ್ತಿಲ ಹೊರಗೆ ನಿಂತಿದ್ದಾನೆ, ಅವನಿಗೊಂದು ಜೊತೆ ಮಾಡಿ ಒಳಗೆ ಸೇರಿಸಿಕೊಳ್ಳಿ ಎಂದು ಬಂತು. ನಮ್ಮಲ್ಲಿ ಕುಲೆ ಮದಿಮೆ, ಹೋದವರಿಗೆ ಮಾಡುವ ಮದುವೆ, ಅನ್ನುವುದು ನಿಮಗೆ ಗೊತ್ತೇ ಉಂಟು. ಹೋದ ಹುಡುಗನಿಗೆ ಹೋದ ಹುಡುಗಿಯನ್ನೇ ನೋಡಬೇಕು. ನಂಬಿಕೆ ನನಗೆ ಅರ್ಧ, ನನ್ನ ಹೆಂಡತಿಗೆ ಒಂದೂವರೆ. ಸರಾಸರಿ ತೆಗೆದರೆ ತಲೆಗೆ ಒಂದು ಸಿಗುತ್ತದೆ.

ಹಿರಿಯರು ಬೇರೆ ಬೇರೆ ಊರಿನ ಹುಡುಗಿಯರ ಹೆಸರು ಹೇಳಿದರು. ನನ್ನ ಹೆಂಡತಿ ಮಾತ್ರ, "ಮಣಿಪಾಲದಿಂದ ಕಾರ್ಕಳಕ್ಕೆ ಬರುವವನು ಅಲೆವೂರಿನ ರಸ್ತೆಯಲ್ಲಿ ಎಂತಕ್ಕೆ ಇದ್ದ?" ಎಂದು ಕೇಳಿದಳು. ಅದು ನಿಮ್ಮ ಊರಿಗೆ ಹೋಗುವ ದಾರಿ, ನಮ್ಮ ಊರಿಗೆ ಬೆನ್ನು ಹಾಕಿದ ದಾರಿ. ನಿಮ್ಮನ್ನೇ ಕೇಳುವ ಎಂದು ಹೊರಟೆ.

ನಿಮ್ಮ ಮಲ್ಲಿಗೆ ಕಟ್ಟು ತರುವ ಬಸ್ಸಿನ ಕಂಡಕ್ಟರ್ ಆಂಟನಿ ಇದನ್ನು ತಲುಪಿಸುತ್ತಾನೆ. ಉತ್ತರವನ್ನೂ ಅವನ ಹತ್ತಿರವೇ ಕೊಡಬಹುದು. ಬೇಡ ಎಂದರೂ ನಮಗೆ ಬೇಸರವಿಲ್ಲ. ಸ್ವಲ್ಪ ಉಂಟು.

ಇತಿ,
ಶೀನ

---

ಶಂಕರಪುರ
೨೦ ಜೂನ್ ೨೦೨೩

ಮಾನ್ಯ ಶೀನಣ್ಣನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಸಿಕ್ಕಿತು. ಆಂಟನಿ ಹೂವಿನ ಲೆಕ್ಕದ ಚೀಟಿ ಎಂದು ಕೊಟ್ಟ. ನಾನು ಹಾಗೇ ಗಿಡದ ಬುಡದಲ್ಲಿ ನಿಂತು ಓದಿದೆ.

ವಿಜೇತಾಳ ಅಪ್ಪ ಚೆನ್ನಪ್ಪ ಮಸ್ಕತ್ತಿನಲ್ಲಿದ್ದಾರೆ. ಅವರನ್ನು ಕೇಳದೆ ನಾನು ಏನೂ ಹೇಳುವ ಹಾಗಿಲ್ಲ. ಅವರಿಗೆ ಇಂಥದ್ದರಲ್ಲಿ ಅಷ್ಟು ವಿಶ್ವಾಸ ಇಲ್ಲ. ಜನರ ಬಾಯಿಯ ಹೆದರಿಕೆಯೂ ಉಂಟು.

ಒಂದು ವಿಷಯ ಮೊದಲೇ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಅವರಿಬ್ಬರು ಮಣಿಪಾಲದಲ್ಲಿ ಒಂದೇ ಆಫೀಸಿನಲ್ಲಿ ಇದ್ದವರು, ಅಷ್ಟೇ. ಅವತ್ತು ಮಳೆ ಜೋರಿತ್ತು, ಬಸ್ಸು ಸಿಗಲಿಲ್ಲ, ಹುಡುಗ ಬಿಡುತ್ತೇನೆ ಎಂದ. ಬೇರೆ ಎಂತದ್ದೂ ಇರಲಿಲ್ಲ. ನಮ್ಮ ಹುಡುಗಿ ಅಂಥವಳಲ್ಲ.

ನಿಮ್ಮ ಹೆಂಡತಿಯವರಿಗೆ ನನ್ನ ನಮಸ್ಕಾರ ಹೇಳಿ. ಆ ಬೆಂಚಿನಲ್ಲಿ ನಿಮ್ಮ ಪಕ್ಕದಲ್ಲಿ ನೀರಿನ ಬಾಟಲಿ ಇತ್ತು. ನೀವು ಅದನ್ನು ನನ್ನ ಕಡೆಗೆ ಸರಿಸಿದಿರಿ. ನನಗೆ ನೆನಪುಂಟು.

ಇತಿ,
ಕುಶಲಾ

ನಿಮ್ಮ ಹೆಂಡತಿಯವರ ಬರಿ ಯಾವುದು? ನಮ್ಮದು ಸಾಲಿಯಾನ್. ಸುಮ್ಮನೆ ಕೇಳಿದೆ.

---

ಕಾರ್ಕಳ
೨ ಜುಲೈ ೨೦೨೩

ಕುಶಲಕ್ಕನವರಿಗೆ,

ಬಂಗೇರ! ನನ್ನ ಹೆಂಡತಿ ಬಂಗೇರ, ಆದ್ದರಿಂದ ಶ್ರವಣನೂ ಬಂಗೇರ. ತಾಯಿಯ ಬರಿ, ಅಂದರೆ ಗೋತ್ರ, ಒಂದೇ ಆಗಿದ್ದರೆ ಅಣ್ಣ ತಂಗಿಯಾಗಿ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ನೀವು ಸುಮ್ಮನೆ ಕೇಳಿದ್ದನ್ನು ನಾನು ಓದಿ ಹೇಳಿದಾಗ ಇವಳು ಅಡುಗೆಮನೆಗೆ ಹೋದಳು. ಒಂದು ಗಂಟೆ ಹೊರಗೆ ಬರಲಿಲ್ಲ. ಬಂದ ಮೇಲೆ, "ಸುಮ್ಮನೆ ಯಾರೂ ಬರಿ ಕೇಳುವುದಿಲ್ಲ" ಎಂದಳು. ಅವತ್ತು ಬಂಗುಡೆ ಸಾರು ಮಾಡಿದಳು. ಒಂದು ವರ್ಷದಿಂದ ಮೀನು ಒಳಗೆ ಬಂದಿರಲಿಲ್ಲ.

ಮುಂದಿನ ತಿಂಗಳು ಆಟಿ. ಬದುಕಿದವರಿಗೆ ಆಟಿಯಲ್ಲಿ ಮದುವೆ ಇಲ್ಲ, ನನ್ನ ಅಂಗಡಿಯಲ್ಲಿ ನೊಣ ಓಡಿಸುವ ತಿಂಗಳು. ಹೋದವರಿಗೆ ಅದೇ ಮುಹೂರ್ತ. ಹೆಣ್ಣಿಗೆ ಯಾವ ಬಣ್ಣದ ಸೀರೆ ಎಂದು ಇವಳು ಕೇಳುತ್ತಾಳೆ.

ಕೇಸಿನ ವಿಷಯ. ಲಿಡ್ವಿನ್ ವಕೀಲರ ಹತ್ತಿರ ಹೋಗಿದ್ದೆ. ಕಾನೂನಿನ ಪ್ರಕಾರ ಮದುವೆಯಾಗದ ಗಂಡಸು ಸಂಬಳದ ಅರ್ಧವನ್ನು ತನಗೇ ಖರ್ಚು ಮಾಡುತ್ತಾನಂತೆ, ಮದುವೆಯಾದವನು ಮೂರನೇ ಒಂದನ್ನು. ಆ ಲೆಕ್ಕದಲ್ಲೇ ಪರಿಹಾರ ಕಡಿಯುತ್ತಾರಂತೆ. "ಹಾಗಾದರೆ ಆಟಿಯಲ್ಲಿ ಮದುವೆ ಮಾಡಿಸಿದರೆ ಮೂರನೇ ಒಂದೇ ಕಡಿಯುತ್ತಾರಾ?" ಎಂದು ಕೇಳಿದೆ. ಅವರು ನಗಲಿಲ್ಲ. ಫೈಲಿನಲ್ಲಿ ಏನೋ ಬರೆದುಕೊಂಡರು.

ಟಿಪ್ಪರಿನ ವಿಮೆಯವರು ತಮ್ಮ ಉತ್ತರದಲ್ಲಿ ಶ್ರವಣ ಅತಿವೇಗದಲ್ಲಿದ್ದ ಎಂದು ಬರೆದಿದ್ದಾರೆ. ಎಲ್ಲ ಕೇಸಿನಲ್ಲೂ ಹಾಗೇ ಬರೆಯುತ್ತಾರಂತೆ, ಅಚ್ಚು ಹಾಕಿ ಇಟ್ಟುಕೊಂಡ ಮಾತಂತೆ. ಅಚ್ಚಿನ ಕೆಲಸ ನನಗೂ ಗೊತ್ತು, ತಲೆ ಕೆಡಿಸಿಕೊಳ್ಳಲಿಲ್ಲ.

ಒಂದು ಪ್ರಾಸ ಮಾಡಿದ್ದೇನೆ, ಅಚ್ಚಿಗಲ್ಲ, ನಿಮಗೆ ಮಾತ್ರ:
ಕಾರ್ಕಳದ ಕಲ್ಲು, ಶಂಕರಪುರದ ಹೂವು;
ಕೂಡಿಸಿ ಕೊಟ್ಟದ್ದು ಕೊನೆಗೂ ಸಾವು.

ಚೆನ್ನಾಗಿಲ್ಲ, ಗೊತ್ತುಂಟು. ಪ್ರಾಸ ಮಾತ್ರ ಸರಿಯಾಗಿ ಕೂತಿದೆ.

ಶೀನ

---

ಶಂಕರಪುರ
೧೮ ಜುಲೈ ೨೦೨೩

ಶೀನಣ್ಣ,

ವಿಜೇತಾಳ ಅಪ್ಪ ಒಪ್ಪಿದರು. ಮೊದಲು ಬೈದರು. ಆಮೇಲೆ ಎರಡು ದಿನ ಫೋನು ಮಾಡಲಿಲ್ಲ. ಮೂರನೇ ದಿನ, "ಮಾಡುವುದಾದರೆ ಸರಿಯಾಗಿ ಮಾಡಿ, ಕಡಿಮೆ ಮಾಡಬೇಡಿ" ಎಂದರು. ಅಳುತ್ತಿದ್ದರು ಎಂದು ಕಾಣುತ್ತದೆ. ಶೀತ ಎಂದರು.

ಆಗಸ್ಟ್ ಆರು, ಆದಿತ್ಯವಾರ. ನಿಮ್ಮ ಮನೆಯಲ್ಲಿ ಆಗುವುದಾದರೆ ನಾವು ಹತ್ತು ಜನ ಬರುತ್ತೇವೆ. ಮದುವೆಯಾಗದ ಮಕ್ಕಳನ್ನು ಕರೆದುಕೊಂಡು ಬರುವ ಹಾಗಿಲ್ಲ, ಅದು ನಿಮಗೆ ಗೊತ್ತುಂಟಲ್ಲ. ಸೀರೆ ಹಸುರು. ಅವಳಿಗೆ ಹಸುರು ಇಷ್ಟ. ಹೂವು ನಮ್ಮದು, ಅದಕ್ಕೆ ನೀವು ಅಂಗಡಿಗೆ ಹೋಗಬೇಡಿ. ಅವತ್ತಿನ ಹೂವನ್ನು ವ್ಯಾಪಾರದ ಕಟ್ಟೆಗೆ ಕೊಡುವುದಿಲ್ಲ ಎಂದು ಈಗಲೇ ಹೇಳಿದ್ದೇನೆ. ಈ ಮಳೆಗೆ ಮೊಗ್ಗು ಕಡಿಮೆ. ಆದರೂ ನಾಲ್ಕು ಚೆಂಡಿನ ಒಂದು ಅಟ್ಟೆಗೆ ಸಾಕಾದೀತು.

ನಮ್ಮ ವಕೀಲೆ ಸಿಂಥಿಯಾ ಮೇಡಂ ಉಡುಪಿಗೆ ಕರೆಸಿದ್ದರು. ಟಿಪ್ಪರಿನ ವಿಮೆಯವರು ಹಾಗೆ ಬರೆದದ್ದಕ್ಕೆ ಬೈಕಿನ ಓನರನ್ನೂ ಕೇಸಿಗೆ ಸೇರಿಸಬೇಕಂತೆ, ಸೇಫ್ಟಿಗೆ. ನಾನು, "ಅವರಿಗೆ ತೊಂದರೆ ಆಗ್ತದಾ ಮೇಡಂ?" ಎಂದು ಕೇಳಿದೆ. "ಬೈಕಿಗೆ ಇನ್ಶೂರೆನ್ಸ್ ಇರ್ತದಲ್ಲ, ಕಂಪನಿ ಕೊಡ್ತದೆ, ಯಾರ ಕಿಸೆಗೂ ಕೈ ಹಾಕುದಿಲ್ಲ" ಎಂದರು. ಸಹಿ ಹಾಕಿ ಬಂದೆ. ನಿಮಗೆ ಗೊತ್ತಿರಲಿ ಎಂದು ಬರೆದೆ, ಬೇರೆ ಏನಿಲ್ಲ.

ಕರಿಮಣಿ ನೀವು ತರುತ್ತೀರಾ, ನಾವು ತರಬೇಕಾ?

ಕುಶಲಾ

---

ಕಾರ್ಕಳ
೧ ಆಗಸ್ಟ್ ೨೦೨೩

ಅರ್ಜಿದಾರರಿಗೆ,

ನಿನ್ನೆ ಅಂಗಡಿಗೆ ಕೋರ್ಟಿನ ಜನ ಬಂದ. ಗಿರಾಕಿ ಎಂದುಕೊಂಡು ಕುರ್ಚಿ ಕೊಟ್ಟೆ. ಅವನು ನೋಟಿಸು ಕೊಟ್ಟ.

ಈಗ ನಾನು ಮೂರನೇ ಎದುರುದಾರ. ಒಂದನೆಯವನು ಟಿಪ್ಪರಿನ ಮಾಲಕ, ಎರಡನೆಯದು ಅವನ ವಿಮಾ ಕಂಪನಿ, ಮೂರನೆಯವನು ಶೀನ, ಬೈಕಿನ ಮಾಲಕ, ಮೃತ ಸವಾರನ ತಂದೆ. ಕೆಳಗೆ ಬರೆದುಂಟು: ಸದರಿ ಸವಾರನ ದುಡುಕು ಮತ್ತು ನಿರ್ಲಕ್ಷ್ಯದ ಚಾಲನೆಯೂ ನಮ್ಮ ಮಗಳ ಮರಣಕ್ಕೆ ಕಾರಣ. ಅದರ ಕೆಳಗೆ ನಿಮ್ಮ ಸಹಿ. ಅಕ್ಷರ ಚೆನ್ನಾಗಿದೆ. ಕಾಗದದಲ್ಲಿ ನೋಡಿ ನೋಡಿ ಗುರುತು ಸಿಕ್ಕಿತು.

ಬೈಕಿಗೆ ವಿಮೆ ಇರಲಿಲ್ಲ ಕುಶಲಕ್ಕ. ಅದು ಜೂನಿನಲ್ಲಿ ಮುಗಿದಿತ್ತು. ಮದುವೆ ಇಲ್ಲದ ತಿಂಗಳುಗಳಲ್ಲಿ ನನ್ನ ಗಲ್ಲಾ ಹೇಗಿರುತ್ತದೆ ಎಂದು ಹೇಳಿದ್ದೆನಲ್ಲ. ಮುಂದಿನ ತಿಂಗಳು ಕಟ್ಟುವ ಎಂದಿದ್ದೆ. ಆದ್ದರಿಂದ ಕಂಪನಿ ಇಲ್ಲ. ಕಿಸೆ ನನ್ನದೇ.

ಕಿಸೆಯ ಮಾತು ಬಿಡಿ. ನನ್ನ ಮಗ ನಿಮ್ಮ ಮಗಳನ್ನು ಕೊಂದ ಎಂದು ಬರೆದು ಕೊಟ್ಟು, ಅದೇ ಕೈಯಲ್ಲಿ ಅವನಿಗೆ ಹೆಣ್ಣು ಕೊಡಲು ಬರುತ್ತೀರಾ?

ನನ್ನ ಹೆಂಡತಿಗೆ ನೋಟಿಸಿನ ವಿಷಯ ಗೊತ್ತಿಲ್ಲ. ಅವಳು ಕರಿಮಣಿ ತಂದಿದ್ದಾಳೆ. ಆದಿತ್ಯವಾರ ಬರಬೇಡಿ. ನಿಮ್ಮ ಕಡೆ ಯಾರಿಗೋ ಸೂತಕ ಎಂದು ಅವಳಿಗೆ ಹೇಳುತ್ತೇನೆ.

ಶೀನ

---

ಶಂಕರಪುರ
೩ ಆಗಸ್ಟ್ ೨೦೨೩

ಶೀನಣ್ಣ,

ದೇವರಾಣೆ ನನಗೆ ಗೊತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಇತ್ತು. ಓನರ್ ಎಂದರೆ ಆ ಹುಡುಗನ ಹೆಸರಲ್ಲೇ ಬೈಕು ಇರಬಹುದು, ಹೋದವರ ಮೇಲೆ ಕೇಸು ಎಂತದು, ಬರೀ ಹೆಸರಿಗೆ ಎಂದುಕೊಂಡಿದ್ದೆ. ಸಿಂಥಿಯಾ ಮೇಡಮ್ಮಿನ ಹತ್ತಿರ ಓಡಿದೆ. ತೆಗೆಯಿರಿ ಎಂದೆ. ಅವರು, "ಕುಶಲಾ, ತೆಗೆದರೆ ಟಿಪ್ಪರಿನವರು ಅರ್ಧ ತಪ್ಪು ಬೈಕಿನದ್ದು, ಅರ್ಧ ನಾವು ಕೊಡುವುದಿಲ್ಲ ಅಂತ ಜಗಳ ಮಾಡ್ತಾರೆ. ಅಪೀಲು ಗಿಪೀಲು ಅಂತ ನೀವು ಮುದುಕಿ ಆಗ್ತೀರಿ" ಎಂದರು. ಮಸ್ಕತ್ತಿಗೆ ಫೋನು ಮಾಡಿದೆ. ಅವರು ತೆಗೆಯುವುದು ಬೇಡ ಎಂದರು. "ಆ ಹುಡುಗ ನಿಧಾನ ಹೋಗಿದ್ದರೆ ನನ್ನ ಮಗಳು ಇರ್ತಿದ್ದಳು" ಎಂದರು. ಇಷ್ಟು ದಿನ ಅವರ ಮನಸ್ಸಿನಲ್ಲಿ ಅದಿತ್ತು ಎಂದು ನನಗೇ ಗೊತ್ತಿರಲಿಲ್ಲ.

ಅದು ಬೇರೆ, ಇದು ಬೇರೆ ಎಂದು ಇಡಲಿಕ್ಕೆ ಆಗುವುದಿಲ್ಲವಾ? ಕೋರ್ಟಿನದ್ದು ಕೋರ್ಟಿನಲ್ಲಿ ಇರಲಿ. ಆದಿತ್ಯವಾರಕ್ಕೆ ನಾನು ಒಬ್ಬಳಾದರೂ ಬರುತ್ತೇನೆ.

ಹೂವಿಗೆ ಹೇಳಿಯಾಗಿದೆ.

ಕುಶಲಾ

---

ಕಾರ್ಕಳ
೨೪ ಫೆಬ್ರವರಿ ೨೦೨೪

ಕುಶಲಕ್ಕನವರಿಗೆ,

ಆಗಸ್ಟಿನ ಆ ಆದಿತ್ಯವಾರ ನೀವು ಕಾರ್ಕಳ ಬಸ್‌ಸ್ಟ್ಯಾಂಡಿನವರೆಗೆ ಬಂದು, ಹೂವಿನ ಕಟ್ಟನ್ನು ನನ್ನ ಅಂಗಡಿಯ ಮುಚ್ಚಿದ ಬಾಗಿಲಿನ ಮುಂದೆ ಇಟ್ಟು ಹೋದದ್ದನ್ನು ಪಕ್ಕದ ಅಂಗಡಿಯವರು ಹೇಳಿದರು. ನಾನು ಮಹಡಿಯಲ್ಲೇ ಇದ್ದೆ. ಇಳಿಯಲಿಲ್ಲ.

ಆರು ತಿಂಗಳು ಬರೆಯದೆ ಇದ್ದದ್ದಕ್ಕೆ ಸಿಟ್ಟೊಂದೇ ಕಾರಣವಲ್ಲ. ಬರೆಯಲು ಕೂತರೆ ಬರೀ ವಕೀಲರ ಮಾತು ಬರುತ್ತಿತ್ತು. ಈಗ ಸಿಟ್ಟು ಇಳಿದಿದೆ. ನೀವೂ ನಾನೂ ಅವರು ಹಾಕು ಎಂದ ಕಡೆ ಸಹಿ ಹಾಕುವವರು. ನನ್ನ ಹೆಂಡತಿ ಈಗಲೂ ನಿಮ್ಮ ಸೂತಕ ಮುಗಿಯಿತಾ ಎಂದು ಕೇಳುತ್ತಾಳೆ. ಕೇಸು ನಡೆಯುವಾಗ ಶುಭಕಾರ್ಯ ಬೇಡ ಎಂದು ವಕೀಲರು ಹೇಳಿದ್ದಾರೆ, ಕೇಸು ಮುಗಿದ ಮೇಲೆ ಮದುವೆ ಎಂದಿದ್ದೇನೆ. ಅವಳು ಅದನ್ನು ನಂಬಿ ಕೂತಿದ್ದಾಳೆ. ನಾನೂ ಸ್ವಲ್ಪ ನಂಬಿದ್ದೇನೆ. ಮುಗಿಯಲಿ, ಆಮೇಲೆ ಬರುವ ಆಟಿಯಲ್ಲಿ ಮಾಡುವ. ಆಗಬಹುದಾ?

ಅವಳ ವಿಷಯ ಏನಾದರೂ ಬರೆಯಿರಿ. ಹಸುರು ಇಷ್ಟ ಎಂಬುದು ಬಿಟ್ಟರೆ ನಮಗೆ ಸೊಸೆಯ ಬಗ್ಗೆ ಏನೂ ಗೊತ್ತಿಲ್ಲ.

ಶೀನ

ಅವತ್ತು ವಿಜೇತಾಳ ಹತ್ತಿರ ಕೊಡೆ ಇತ್ತಾ? ಸುಮ್ಮನೆ ಕೇಳಿದೆ.

---

ಶಂಕರಪುರ
೨ ಮಾರ್ಚ್ ೨೦೨೪

ಶೀನಣ್ಣ,

ನಿಮ್ಮ ಕಾಗದ ನೋಡಿ ಎಷ್ಟು ಸಮಾಧಾನ ಆಯಿತು ಎಂದು ಬರೆಯಲಿಕ್ಕೆ ಬರುವುದಿಲ್ಲ. ಸೊಸೆ ಎಂದು ಬರೆದಿದ್ದೀರಿ. ಅದನ್ನು ನಾಲ್ಕು ಸಲ ಓದಿದೆ.

ಕೇಸು ಮುಗಿಯಲಿ. ಆ ಆಟಿಯಲ್ಲಿ ಖಂಡಿತ.

ಅವಳ ವಿಷಯ ಎಂತ ಬರೆಯುವುದು. ಹೂ ಕಟ್ಟಲಿಕ್ಕೆ ಅವಳಿಗೆ ಬೇಸರ. ಬಾಳೆನಾರು ಉಗುರಿಗೆ ಸಿಕ್ಕುತ್ತದೆ ಎಂದು ನೆವ ಹೇಳುವಳು. ನಾನು ಬೈದರೆ, "ಅಮ್ಮ, ನನ್ನ ಮದುವೆಗೆ ಪ್ಲಾಸ್ಟಿಕ್ ಹೂವು ಹಾಕಿ, ನೀರು ಹಾಕುವ ಕೆಲಸ ಇಲ್ಲ" ಎನ್ನುವಳು. ಚಾ ಕುಡಿಯುವಾಗ ಶಬ್ದ ಮಾಡುವಳು, ಬೇಕೆಂದೇ. ಕೂದಲು ಒದ್ದೆಯಾದರೆ ಅವಳಿಗೆ ಆಗುವುದಿಲ್ಲ, ಎರಡು ದಿನ ತಲೆನೋವು. ಅದಕ್ಕೆ ಮಳೆಗಾಲ ಪೂರ್ತಿ ಕೊಡೆ ಬಿಟ್ಟು ಹೋದವಳಲ್ಲ. ಅವತ್ತೂ ಇತ್ತು. ಹೂವಿನ ಚಿತ್ರದ್ದು, ಮಡಚುವಂಥದ್ದು. ಎರಡು ಹನಿ ಬಿದ್ದರೆ ಸಾಕು, ಅಂಗಳದಿಂದ ಬಚ್ಚಲಿಗೆ ಹೋಗಲಿಕ್ಕೂ ಬಿಡಿಸುವಳು. ನಾವೆಲ್ಲ ನಗುವುದು.

ಇದನ್ನೆಲ್ಲ ಇಷ್ಟು ದಿನ ಯಾರೂ ಕೇಳಿರಲಿಲ್ಲ. ಕೋರ್ಟಿನವರು ಅವಳ ಸಂಬಳ ಕೇಳಿದರು, ಪ್ರಾಯ ಕೇಳಿದರು. ನಿಮ್ಮ ಮನೆಯವರಿಗೆ ಓದಿ ಹೇಳಿ.

ಕುಶಲಾ

---

ಶಂಕರಪುರ
೧೧ ಸೆಪ್ಟೆಂಬರ್ ೨೦೨೪

ಶೀನಣ್ಣನವರಿಗೆ,

ನಿನ್ನೆ ಉಡುಪಿ ಕೋರ್ಟಿನಲ್ಲಿ ನೀವು ಎರಡನೇ ಸಾಲಿನಲ್ಲಿ ಕೂತಿದ್ದಿರಿ. ನಾನು ಕಟಕಟೆಯಲ್ಲಿ ನಿಂತಿದ್ದೆ. ನಿಮ್ಮ ಲಿಡ್ವಿನ್ ವಕೀಲರು ಎದ್ದು ನಿಂತಾಗ, ಇವರು ನಮ್ಮವರೇ, ಮೆಲ್ಲನೆ ಕೇಳುತ್ತಾರೆ ಎಂದು ನಾನು ನಿಮ್ಮನ್ನೇ ನೋಡುತ್ತಿದ್ದೆ.

"ನಿಮ್ಮ ಮಗಳಿಗೆ ಕೂದಲು ಒದ್ದೆಯಾದ್ರೆ ತಲೆನೋವು ಬರ್ತಿತ್ತಲ್ವಾ?"

"ಹೌದು."

"ಹಾಗಾಗಿ ಮಳೆಗಾಲದಲ್ಲಿ ಯಾವಾಗಲೂ ಕೊಡೆ ಇರ್ತಿತ್ತು?"

"ಹೌದು."

"ಎರಡು ಹನಿ ಬಿದ್ರೂ ಬಿಡಿಸ್ತಿದ್ರು?"

ಅದು ನಾನು ನಿಮಗೆ ಬರೆದ ಸಾಲು. ಜಡ್ಜರು, "ಉತ್ತರ ಹೇಳಿ ಅಮ್ಮ" ಎಂದರು. ಹೌದು ಎಂದೆ.

"ಹಾಗಾದ್ರೆ ಅವತ್ತು ಓಡುವ ಬೈಕಿನ ಹಿಂದೆ ಕೂತು ನಿಮ್ಮ ಮಗಳು ಕೊಡೆ ಬಿಡಿಸಿದ್ರು, ಗಾಳಿ ಹಿಡಿಯಿತು, ಬೈಕು ಟಿಪ್ಪರಿನ ಕಡೆಗೆ ವಾಲಿತು, ಸಾವಿಗೆ ಅವರೇ ಕಾರಣ ಅಂತ ನಾನು ಹೇಳ್ತೇನೆ. ಸರಿಯಾ?"

"ನಾನು ನೋಡ್ಲಿಲ್ಲ ಸರ್" ಎಂದೆ. "ನೀವೂ ನೋಡ್ಲಿಲ್ಲ" ಎಂದೆ. ಅದನ್ನು ಬರೆದುಕೊಳ್ಳಲಿಲ್ಲ.

ಊರಿನಲ್ಲಿ ಈಗ ಹುಡುಗಿ ಕೊಡೆ ಬಿಡಿಸಿ ಇಬ್ಬರನ್ನೂ ಕೊಂದಳು ಎಂದು ಮಾತಾಡುತ್ತಾರೆ. ಕಟ್ಟೆಯಲ್ಲಿ ಹೂವು ಕೊಡುವಾಗ ಮಾತು ನಿಲ್ಲುತ್ತದೆ.

ಸೊಸೆಯ ಬಗ್ಗೆ ತಿಳಿಯಬೇಕು ಎಂದಿರಿ. ತಿಳಿಯಿತಾ?

ಕುಶಲಾ

---

ಕಾರ್ಕಳ
೧೯ ಸೆಪ್ಟೆಂಬರ್ ೨೦೨೪

ಕುಶಲಕ್ಕ,

ಓದುತ್ತೀರೋ ಹರಿಯುತ್ತೀರೋ ಗೊತ್ತಿಲ್ಲ.

ಪೊಲೀಸರ ಮಹಜರಿನಲ್ಲಿ ರಸ್ತೆಯಲ್ಲಿ ಬಿದ್ದ ಮುರಿದ ಕೊಡೆಯ ಮಾತು ಇತ್ತು. ಲಿಡ್ವಿನ್ ಅವರು ಅದನ್ನು ಹಿಡಿದರು. "ಇದೊಂದೇ ದಾರಿ ಶೀನ. ಇಲ್ಲದಿದ್ರೆ ತಪ್ಪು ನಿಮ್ಮ ಮಗನ ತಲೆಗೆ, ದುಡ್ಡು ನಿಮ್ಮ ಮನೆಯ ತಲೆಗೆ. ಕೊಡೆ ಅವಳದ್ದೇ ಅಂತ ಗೊತ್ತಾಗ್ಬೇಕು" ಎಂದರು. ಕಾಗದದಲ್ಲಿ ನಾನು ಕೇಳಿದ್ದು ಅದಕ್ಕೆ. ಉಳಿದದ್ದೆಲ್ಲ ನಿಜವಾಗಿ ಕೇಳಿದ್ದು. ಚಾ ಕುಡಿಯುವ ಶಬ್ದದ ವಿಷಯ ಓದಿ ನನ್ನ ಹೆಂಡತಿ ನಕ್ಕಳು. ಅದನ್ನು ವಕೀಲರಿಗೆ ಹೇಳಲಿಲ್ಲ.

ನಿಮ್ಮ ಕಡೆಯ ಕೋರ್ಟು ಕಾಗದದಲ್ಲಿ ನನ್ನ ಮಗ ಕೊಲೆಗಾರ. ನನ್ನ ಕಡೆಯದ್ದರಲ್ಲಿ ನಿಮ್ಮ ಮಗಳು. ನೀವು ಕಟಕಟೆಯಲ್ಲಿ ನಿಂತಾಗ ನಾನು ನಿಮ್ಮನ್ನು ನೋಡಲಾಗದೆ ಹಿಂದಕ್ಕೆ ತಿರುಗಿದೆ. ಟಿಪ್ಪರಿನ ಮಾಲಕ ಕೊನೆಯ ಬೆಂಚಿನಲ್ಲಿ ಕೂತು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ಶಬ್ದ ಬಾರದ ಹಾಗೆ, ಮರ್ಯಾದೆಯಿಂದ.

ಪ್ರಾಸ ಯಾವುದೂ ಬರುವುದಿಲ್ಲ ಈಗ. ಗಿರಾಕಿಗಳಿಗೆ ಹಳೆಯದನ್ನೇ ಹಾಕಿಕೊಡುತ್ತೇನೆ.

ಶೀನ

---

ಕಾರ್ಕಳ
೧೬ ಜೂನ್ ೨೦೨೫

ಕುಶಲಕ್ಕನವರಿಗೆ,

ಒಂಬತ್ತು ತಿಂಗಳು ನಿಮ್ಮಿಂದ ಉತ್ತರವಿಲ್ಲ. ನಿರೀಕ್ಷಿಸಿಯೂ ಇರಲಿಲ್ಲ. ಆದರೆ ಈಗ ಬರೆಯಲೇಬೇಕು, ಕೇಸು ಮುಗಿಯಿತು.

ತೀರ್ಪು ನಿಮಗೂ ಗೊತ್ತಾಗಿರಬೇಕು. ನೂರರಲ್ಲಿ ಅರುವತ್ತು ತಪ್ಪು ಟಿಪ್ಪರಿನದ್ದು, ನಲುವತ್ತು ಶ್ರವಣನದ್ದು. ಕೊಡೆಯ ವಾದಕ್ಕೆ ಸಾಕ್ಷ್ಯವಿಲ್ಲ ಎಂದು ಒಂದೇ ಸಾಲಿನಲ್ಲಿ ತಳ್ಳಿ ಹಾಕಿದ್ದಾರೆ. ನಿಮ್ಮ ಮಗಳು ನಿರ್ದೋಷಿ ಎಂದು ಅದರ ಅರ್ಥ. ಓದಿದಾಗ ನನಗೆ ಸಂತೋಷವಾಯಿತು. ನಂಬಲೇಬೇಕೆಂದು ಒತ್ತಾಯವಿಲ್ಲ.

ಶ್ರವಣನ ಕೇಸಿನಲ್ಲಿ ನಮಗೆ ಬಂದದ್ದರಲ್ಲಿ ಅವನ ತಪ್ಪಿನ ಪಾಲು ಕಡಿದರು. ಉಳಿದದ್ದು ಹೆಚ್ಚು ಕಡಿಮೆ ಅಷ್ಟೂ ನಿಮ್ಮ ಕೇಸಿನಲ್ಲಿ ನಾನು ಕೊಡಬೇಕಾದ ಪಾಲಿಗೆ ಸರಿಹೋಗುತ್ತದೆ. ನನ್ನ ಮಗನ ಹೆಸರಿಗೆ ಬಂದದ್ದು ನಿಮ್ಮ ಮಗಳ ಹೆಸರಿಗೆ ಹೋಗುತ್ತದೆ. ಎರಡು ಮನೆಗಳ ನಡುವೆ ಕೊಡುಕೊಳ್ಳುವುದು ಅಂತ ಆದದ್ದು ಇದೊಂದೇ. ವರ ಕೊಟ್ಟ, ವಧು ತೆಗೆದುಕೊಂಡಳು ಎಂದುಕೊಂಡರೆ ಅಷ್ಟು ಕೆಟ್ಟದಾಗಿ ಕಾಣುವುದಿಲ್ಲ.

ಇನ್ನು ನಮ್ಮ ನಡುವೆ ಕೋರ್ಟು ಇಲ್ಲ. ಆಟಿಗೆ ಒಂದು ತಿಂಗಳು ಉಂಟು. ನನ್ನ ಹೆಂಡತಿಗೆ ತೀರ್ಪಿನ ವಿಷಯ ಇನ್ನೂ ಹೇಳಿಲ್ಲ, ನಿಮ್ಮ ಮಾತು ಬಂದ ಮೇಲೆ ಎರಡನ್ನೂ ಒಟ್ಟಿಗೆ ಹೇಳುವ ಎಂದು. ಕೇಳಲು ನನಗೆ ಮುಖವಿಲ್ಲ, ಅವಳಿಗೋಸ್ಕರ ಕೇಳುತ್ತೇನೆ. ಒಂದು ಸಾಲು ಬರೆಯಿರಿ.

ಶೀನ

---

ಶಂಕರಪುರ
೫ ಆಗಸ್ಟ್ ೨೦೨೫

ಶೀನಣ್ಣ,

ನಿಮ್ಮ ಕಾಗದ ಬಂದಾಗ ವಿಜೇತಾಳ ಅಪ್ಪ ಊರಿಗೆ ಬಂದಿದ್ದರು. ಅವರೇ ತೆಗೆದುಕೊಂಡರು. ಅದಕ್ಕೆ ಉತ್ತರ ತಡ.

ಮೊನ್ನೆ ಆದಿತ್ಯವಾರ ಅವಳಿಗೆ ಮದುವೆ ಆಯಿತು. ಹುಡುಗ ಕಾಪುವಿನವ, ಅಖಿಲ್ ಎಂದು ಹೆಸರು, ಜ್ವರದಲ್ಲಿ ಹೋದದ್ದು, ಐದು ವರ್ಷ ಆಯಿತಂತೆ. ಒಳ್ಳೆಯ ಮನೆ. ಬರಿ ಸರಿಹೋಗುತ್ತದೆ. ಕೇಸು ಇಲ್ಲ.

ನಾನು ಬೇಡ ಎಂದೆ. "ನಲುವತ್ತು ಪಾಲು ಕೊಂದವನಿಗೆ ನನ್ನ ಮಗಳನ್ನು ಕೊಡ್ಲಾ? ಜಡ್ಜರೇ ಬರೆದಿದ್ದಾರೆ" ಎಂದು ವಿಜೇತಾಳ ಅಪ್ಪ ಕೇಳಿದರು. ನನ್ನ ಸಹಿಯೂ ಅದರಲ್ಲೇ ಉಂಟಲ್ಲ.

ಎರಡು ಕುರ್ಚಿ ಇಟ್ಟಿದ್ದರು. ಒಂದರಲ್ಲಿ ಪಂಚೆ ಅಂಗಿ, ಒಂದರಲ್ಲಿ ಸೀರೆ. ಸೀರೆ ಅವರ ಕಡೆಯದ್ದು, ಕೆಂಪು. ಹುಡುಗಿಯ ತಾಯಿ ಕರೆಯಬೇಕು ಎಂದರು. "ಮಗಾ ಬಾ, ಕೂತುಕೋ" ಎಂದೆ. ಎಲ್ಲರೂ ಬಂದಳು ಬಂದಳು ಎಂದರು. ಕೋಳಿ ಸುಕ್ಕ, ಮೀನು ಹುರಿದದ್ದು, ಕಡ್ಲೆ ಬಲ್ಯಾರ್, ಎಲ್ಲ ಚೆನ್ನಾಗಿತ್ತು. ಹುಡುಗನ ತಾಯಿ ನನ್ನ ಕೈ ಹಿಡಿದುಕೊಂಡು ಅತ್ತರು. ಅವರ ಮೇಲೆ ನನಗೆ ಏನೂ ಸಿಟ್ಟಿಲ್ಲ.

ಮೊದಲ ಕಾಗದದಲ್ಲಿ ಅವರಿಬ್ಬರ ನಡುವೆ ಎಂತದ್ದೂ ಇರಲಿಲ್ಲ ಎಂದು ಬರೆದಿದ್ದೆ. ಇತ್ತು. ಅವಳು ನನಗೆ ಹೇಳಿದ್ದಳು. "ಕಾರ್ಕಳದವ ಅಮ್ಮ, ಅವನ ಅಪ್ಪ ತಮಾಷೆಯ ಜನ, ಮದುವೆ ಕಾಗದಕ್ಕೆ ಪದ್ಯ ಕಟ್ತಾರಂತೆ" ಎಂದಿದ್ದಳು. ಮಳೆಗಾಲ ಮುಗಿದ ಮೇಲೆ ಮನೆಗೆ ಕರೆದುಕೊಂಡು ಬರುತ್ತಾಳಂತೆ ಎಂದು ನಾನು ಕಾಯುತ್ತಿದ್ದೆ.

ಈಗ ಇದನ್ನು ಯಾರಿಗೂ ಹೇಳಿ ಪ್ರಯೋಜನವಿಲ್ಲ. ನಿಮಗೆ ಹೇಳದೆ ಇರಲಿಕ್ಕೆ ಆಗಲಿಲ್ಲ.

ಇನ್ನು ಬರೆಯಬೇಡಿ ಶೀನಣ್ಣ.

ಕುಶಲಾ

---

ಕಾರ್ಕಳ
೨೦ ಆಗಸ್ಟ್ ೨೦೨೫

ಕುಶಲಕ್ಕ,

ಬರೆಯಬೇಡಿ ಎಂದಿದ್ದೀರಿ. ಇದೊಂದು ಬರೆಯದಿದ್ದರೆ ನೀವು ಗಾಬರಿಯಾಗುತ್ತೀರಿ ಎಂದು ಬರೆಯುತ್ತೇನೆ.

ಕೆಲವು ದಿನಗಳಲ್ಲಿ ನಿಮಗೆ ಬೆಂಗಳೂರಿನ ಹೈಕೋರ್ಟಿನಿಂದ ಒಂದು ನೋಟಿಸು ಬರುತ್ತದೆ. ಈ ಸಲ ಎದುರುದಾರರು ನೀವು, ಅರ್ಜಿದಾರ ನಾನು. ನಲುವತ್ತರ ಮೇಲೆ ಅಪೀಲು ಹಾಕಿದ್ದೇನೆ. ನಿಮ್ಮ ಪಾಲಿನ ದುಡ್ಡು ಕೋರ್ಟಿಗೆ ಕಟ್ಟಿಯಾಗಿದೆ, ಅದು ನಿಮಗೆ ಬರುತ್ತದೆ, ಅದರಲ್ಲಿ ನನ್ನದೇನೂ ತಕರಾರಿಲ್ಲ. ಕೊಡೆಯ ಮಾತು ಒಂದಕ್ಷರವೂ ಇರಕೂಡದು ಎಂದು ನಿಂತು ಓದಿಸಿ ಸಹಿ ಹಾಕಿದ್ದೇನೆ. "ಅದು ಬಿಟ್ಟರೆ ಅಪೀಲಿನಲ್ಲಿ ಹುರುಳೇ ಇಲ್ಲ, ಸೋಲ್ತೀರಿ" ಎಂದರು ಲಿಡ್ವಿನ್. ಸೋಲಲಿ ಎಂದೆ.

ನಿಮ್ಮ ಕಾಗದ ಬಂದ ಸಂಜೆ ನನ್ನ ಹೆಂಡತಿ ಮೆಟ್ಟಿಲಲ್ಲಿ ಕೂತಿದ್ದಳು. ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದ ಮೇಲೆ ಅವಳು ಅದರಿಂದ ಆಚೆ ಹೋಗುವುದಿಲ್ಲ. "ಆಟಿ ಮುಗಿಯುತ್ತ ಬಂತು. ಶಂಕರಪುರದಿಂದ ಏನಾದರೂ ಬಂತಾ?" ಎಂದು ಕೇಳಿದಳು. ಬಾಯಿ ತೆರೆದೆ. ವಿಜೇತಾ ಕಾಪುವಿನ ಮನೆಗೆ ಹೋದಳು ಎಂಬ ಮಾತು ಬರಲಿಲ್ಲ. "ಕೇಸು ಮುಗಿಯಲಿ ಮಾರಾಯ್ತಿ" ಎಂದೆ. ಅವಳು ತಲೆಯಾಡಿಸಿದಳು. "ಹುಡುಗ ಕಾಯ್ತಾನೆ, ಅವನಿಗೆ ಅವಸರ ಇಲ್ಲ" ಎಂದಳು.

ಮರುದಿನವೇ ವಕೀಲರ ಆಫೀಸಿಗೆ ಹೋದೆ. ಹೈಕೋರ್ಟಿನಲ್ಲಿ ಎಷ್ಟು ಸಮಯ ಹಿಡಿಯುತ್ತದೆ ಎಂದು ಕೇಳಿದೆ. ಅವರು ಪಾಪ, ನನಗೆ ಬೇಸರವಾದೀತೆಂದು ತಡವರಿಸಿ, "ಏಳೆಂಟು ವರ್ಷ ಆದ್ರೂ ಆದೀತು" ಎಂದರು.

ಅಷ್ಟು ಸಾಕು ಎಂದೆ. ಅವಳ ಸಕ್ಕರೆ ಕಾಯಿಲೆಗೆ ಅಷ್ಟು ಸಾಕು.

ಶೀನ